ಸೌಂದರ್ಯಾಳ ದೊಡ್ಡಪ್ಪ

ನನ್ನ ಗಂಡನ ಅಣ್ಣ ಮಡಿವಾಳಪ್ಪನವರು ನನ್ನ ಮಗಳ ತಲೆಯನ್ನು ಮಾತ್ರ ಮುಟ್ಟುತ್ತಾರೆ. ಗುಡಿಯ ಬಸವಣ್ಣನ ಕೋಡು ಮುಟ್ಟುವಂತೆ ಕೈ ಉದ್ದ ಮಾಡಿ, ಬೆರಳ ತುದಿ ತಾಗಿಸಿ, ಆ ಬೆರಳನ್ನು ಕಣ್ಣಿಗೆ ಒತ್ತಿಕೊಳ್ಳುತ್ತಾರೆ. "ದೇವರಂಥಾ ಕೂಸು," ಎನ್ನುತ್ತಾರೆ. ಆಮೇಲೆ ಕರವಸ್ತ್ರ ತೆಗೆದು ಬೆರಳು ಒರೆಸಿಕೊಳ್ಳುತ್ತಾರೆ. ಕೂಸಿಗೆ ಈಗ ಇಪ್ಪತ್ತೆರಡು ವರ್ಷ. ಹೆಸರು ಸೌಂದರ್ಯಾ. ಹುಟ್ಟಿದಾಗಿನಿಂದ ನಡೆದಿಲ್ಲ, ಮಾತಾಡಿಲ್ಲ. ನಮ್ಮ ದನಿ ಕೇಳಿದರೆ ನಗುತ್ತಾಳೆ.

ಭಾವನವರದು ಧಾರವಾಡದಲ್ಲಿ ದೊಡ್ಡ ಮನೆ, ಹತ್ತಿ ಮತ್ತು ಕಾಳಿನ ವ್ಯಾಪಾರ. ಎತ್ತರದ ಆಳು. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡೇ ನಡೆಯುತ್ತಾರೆ. ಎಂಥ ಬಿಸಿಲಿದ್ದರೂ ಬೂದು ಬಣ್ಣದ ಜಾಕೀಟು ಬಿಚ್ಚುವವರಲ್ಲ; ಅದರ ಜೇಬಿನ ತುಂಬ ಬಡೇಸೋಪು. ಎದುರು ಸಿಕ್ಕವರಿಗೆ ಒಂದು ಚಿಟಿಕೆ ಕೊಟ್ಟು, ಅವರ ಕಷ್ಟ ಕೇಳಿ, ಅವರು ಹೇಳಿ ಮುಗಿಸುವ ಮೊದಲೇ "ನಾ ಅದೀನಿ ತಗೋ" ಎಂದು ಮುಂದೆ ಹೋಗುತ್ತಾರೆ.

ಸುಳ್ಳು ಹೇಳಬಾರದು. ಎಷ್ಟೋ ಜನರಿಗೆ ಅವರು ಆಗಿದ್ದಾರೆ. ಮುಗದ ಊರಿನ ಹೊಲದ ಬದುವಿನ ಜಗಳ ಬಿಡಿಸಿದವರು ಅವರು. ಓಣಿಯ ಹುಡುಗನೊಬ್ಬ ಬಸ್ಸಿಗೆ ಸಿಕ್ಕಾಗ ಆಸ್ಪತ್ರೆಯ ಅಂಗಳದಲ್ಲಿ ಊಟವಿಲ್ಲದೆ ನಿಂತವರು ಅವರು. ಯಾರು ಸತ್ತರೂ ಮಣ್ಣಿಗೆ ಮೊದಲು ಬರುವವರು ಅವರೇ. ಆದರೆ ಸೌಂದರ್ಯಾಳ ಕೆಲಸಕ್ಕೆ ಜನ ಕೂಡುವುದಿಲ್ಲ. ಎತ್ತಬೇಕು, ತೊಳೆಯಬೇಕು, ಅನ್ನ ಕಿವುಚಿ ಉಣಿಸಬೇಕು, ಮಗ್ಗುಲು ಬದಲಿಸಬೇಕು. ಸಂಜೆಗೆ ಮತ್ತೆ ಅದೇ. ಅದಕ್ಕೆ ಅವರು ಒಂದು ದಿನವೂ ಬರಲಿಲ್ಲ.

ಎತ್ತುವುದು ನನ್ನ ಗಂಡನ ಕೆಲಸ. ನನ್ನ ಸೊಂಟ ಹೋಗಿ ಬಹಳ ವರ್ಷವಾಯಿತು. ತಾರಿಹಾಳದ ಕಾರ್ಖಾನೆಯಿಂದ ಬಂದವರು ಕೈಯ ಎಣ್ಣೆ ತೊಳೆದು ಮೊದಲು ಅವಳನ್ನೇ ಎತ್ತುತ್ತಿದ್ದರು. ಹೋದ ವರ್ಷ ಅವರಿಗೆ ಎದೆ ನೋವು ಶುರುವಾಯಿತು. ರಕ್ತನಾಳ ಕಟ್ಟಿದೆ, ತಡ ಮಾಡದೆ ಆಪರೇಷನ್ ಆಗಬೇಕು, ಆಮೇಲೆ ಬಹಳ ದಿನ ಭಾರ ಎತ್ತಕೂಡದು ಎಂದರು ಡಾಕ್ಟರು. ಇವರು ಕೇಳಿದ್ದು ಒಂದೇ ಮಾತು: "ಹಂಗಾದ್ರ ಮಗಳನ್ನ ಎತ್ತಾವರು ಯಾರ್ರಿ?"

ಧಾರವಾಡದ ದಾರಿಯಲ್ಲಿ ಒಂದು ಮನೆಯಿದೆ. ಇಂಥ ಮಕ್ಕಳನ್ನು ಕೆಲವು ದಿನ ಇಟ್ಟುಕೊಂಡು, ನೋಡಿಕೊಳ್ಳುವವರಿಗೆ ಬಿಡುವು ಕೊಡುತ್ತಾರೆ. ಬಿಡುವು ಮುಗಿದ ಮೇಲೆ ಮಕ್ಕಳು ತಮ್ಮ ಮನೆಗೆ ತಿರುಗಿ ಬರುತ್ತಾರೆ. ಹಾಸಿಗೆ ಕಡಿಮೆ, ಕಾಯುವವರು ಬಹಳ. ಅಲ್ಲಿ ಕೆಲಸ ಮಾಡುವ ಅಲ್ಫಿಯಾ ಬೆಂಗೇರಿಯ ನಮ್ಮ ಮನೆಗೆ ಬಂದು, ಸೌಂದರ್ಯಾಳ ಹತ್ತಿರ ಬಹಳ ಹೊತ್ತು ಕುಳಿತಳು.

"ಕಾಕಾ, ಆಕಿ ನಮ್ಮ ಕಡೆ ಇರ್ಲಿ. ನೀವು ನಿಶ್ಚಿಂತಿಲೆ ಆಸ್ಪತ್ರ್ಯಾಗ ಮಲಗ್ರಿ," ಎಂದಳು.

"ಮಲಗೂದು ಮರತೇನವಾ. ಅದನ್ನೂ ನೀನ ಕಲಸಬೇಕು," ಎಂದು ಇವರು ನಕ್ಕರು.

ಹಾಸಿಗೆ ಸಿಕ್ಕಿತು. ಆಸ್ಪತ್ರೆಯ ದಿನವೂ ನಿಶ್ಚಯವಾಯಿತು. ಸುದ್ದಿ ಧಾರವಾಡಕ್ಕೆ ಮುಟ್ಟಿತು. ಮರುದಿನವೇ ಭಾವನವರು ಬಂದರು.

"ಕುಮಾರಾ, ಹೆಣ್ಣಮಗಳನ್ನ ಆಶ್ರಮಕ್ಕ ಹಾಕಾಕತ್ತೀಯಂತ, ಖರೇನು?"

"ಆಶ್ರಮ ಅಲ್ಲಣ್ಣಾ. ನಾ ಎದ್ದು ಬರೂತನಕ ಅಷ್ಟ."

"ನಮ್ಮ ಹುಡುಗಿ ಪರರ ಮನ್ಯಾಗ ಬಿದ್ದಿರಬೇಕಂದ್ರ ನಾ ಸತ್ತೇನೇನು? ನಿನ್ನ ವೈನಿ ಅದಾಳ, ನನ್ನ ಸೊಸಿ ಅದಾಳ. ಆಕಿ ನಮ್ಮ ಮನ್ಯಾಗ ಇರ್ತಾಳ. ನಾ ಅದೀನಿ ತಗೋ."

ಅಷ್ಟೇ ಅಲ್ಲ, ತಾವೇ ಅಲ್ಫಿಯಾಗೆ ಫೋನ್ ಹಚ್ಚಿದರು. "ನೋಡು ತಂಗಿ, ನಮ್ಮ ಮಂದೀನ್ನ ನಾವ ನೋಡ್ಕೋತೇವಿ. ಹಾಸಿಗಿ ಬ್ಯಾರೆದವರಿಗೆ ಕೊಡ್ರಿ." ಅವಳೇನೋ ಕೇಳಿದಳು. ಭಾವನವರು ನಕ್ಕರು. "ಎತ್ತೂದೇನು ದೊಡ್ಡ ಮಾತವಾ? ಹತ್ತಿ ಅಂಡಿಗಿ ಎತ್ತಿದ ಮನಿತನ ನಮ್ಮದು."

ನನ್ನ ಗಂಡನ ಕಣ್ಣುಗಳು ತುಂಬಿದ್ದವು. ಅಣ್ಣ ಸೌಂದರ್ಯಾಳನ್ನು 'ನಮ್ಮ ಹುಡುಗಿ' ಎಂದದ್ದನ್ನು ಅವರು ಕೇಳಿದ್ದು ಅದೇ ಮೊದಲು.

ಕಳಿಸುವ ದಿನ ಬಂತು. ಅವಳ ಬಟ್ಟೆ ತುಂಬಿದ ಚೀಲ ಬಾಗಿಲಲ್ಲಿತ್ತು. ಕಾರು ಬರಲಿಲ್ಲ, ಫೋನ್ ಬಂತು. ಭಾವನವರ ಕಿರಿಮಗಳನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು.

"ಬೀಗರು ಬರೂ ಹೊತ್ತಿನ್ಯಾಗ ಆಕೀನ್ನ ಎಲ್ಲಿ ಮಲಗಸೂದೋ ಕುಮಾರಾ? ಸ್ವಲ್ಪ ದಿನ ತಡಿ."

ಇವರು "ಆತಣ್ಣಾ" ಎಂದರು. ಚೀಲ ಬಿಚ್ಚಿ ಬಟ್ಟೆಗಳನ್ನು ಮತ್ತೆ ಗೂಟಕ್ಕೆ ಹಾಕಿದರು. ಆ ಬಿಡುವಿನ ಮನೆಯ ಹಾಸಿಗೆಗೆ ಬೇರೆ ಮಗು ಬಂದಾಗಿತ್ತು. ಆಪರೇಷನ್ ಮುಂದೆ ಹೋಯಿತು. ಅಣ್ಣನಿಂದ ಮತ್ತೆ ಫೋನ್ ಬರುವ ಮೊದಲು ಒಂದು ಮುಂಜಾನೆ ನನ್ನ ಗಂಡ ಮಗಳನ್ನು ಬಚ್ಚಲಿನಿಂದ ಎತ್ತಿ ತಂದರು. ಮೆಲ್ಲಗೆ ಹೊರಸಿನ ಮೇಲೆ ಮಲಗಿಸಿದರು. ಆಮೇಲೆ ತಾವು ಗೋಡೆಗೆ ಆತು ಕುಳಿತರು. ಏಳಲಿಲ್ಲ.

ಎಲ್ಲರಿಗಿಂತ ಮೊದಲು ಬಂದವರು ಭಾವನವರು. ಕುಣಿ ತೋಡಿಸಿದರು, ಹೂವು ತರಿಸಿದರು, ಐನೋರನ್ನು ಕರೆಸಿದರು. ತಮ್ಮನ ಕಾಲು ಹಿಡಿದು ಅತ್ತರು. ಆ ಅಳು ಖರೇ ಇತ್ತು. ಅದನ್ನೇ ನನಗೆ ಇನ್ನೂ ತಡೆಯಲಾಗುವುದಿಲ್ಲ.

ಮೂರನೆಯ ದಿನದ ಪೂಜೆ ಮುಗಿಯಿತು. ಮನೆ ತುಂಬ ಜನ. ಒಳಗೆ ಸೌಂದರ್ಯಾ ಒಂದೇ ಮಗ್ಗುಲಲ್ಲಿ ಬಿದ್ದು ನರಳುತ್ತಿದ್ದಳು. ಭಾವನವರು ಎಲ್ಲರಿಗೂ ಕೇಳುವಂತೆ ನನಗೆ ಹೇಳಿದರು: "ಮಗಳ ಚಿಂತಿ ಬಿಡವಾ. ನಾ ಅದೀನಿ ತಗೋ."

ಗಂಡನ ಅಣ್ಣನ ಎದುರು ಮಾತಾಡುವ ರೂಢಿ ನಮ್ಮಲ್ಲಿಲ್ಲ. ಅಂದು ಮಾತಾಡಿದೆ.

"ಹಂಗಾದ್ರ ಈಗ ಎತ್ರಿ. ಮುಂಜಾನಿಂದ ಮಗ್ಗಲಾ ಬದಲಿಸಿಲ್ಲ. ಒಳಗ ಬಂದು ಎತ್ರಿ."

ಭಾವನವರು ಹೊರಸಿನ ತನಕ ಬಂದರು. ಜಾಕೀಟಿನ ಒಂದು ಗುಂಡಿ ಬಿಚ್ಚಿದರು, ಮತ್ತೆ ಹಾಕಿಕೊಂಡರು. ತಿರುಗಿ ತಮ್ಮ ಮಗನನ್ನು ಕೂಗಿದರು. "ಏ ಬಸವಪ್ರಭು, ಬಾ ಇಲ್ಲೆ, ಎತ್ತು."

ಬಸವಪ್ರಭು ಹೊಸ್ತಿಲು ದಾಟಲಿಲ್ಲ. "ಮಾತು ಕೊಟ್ಟಾವರು ನೀವು. ನೀವ ಎತ್ರಲಾ ಅಪ್ಪಾ," ಎಂದ.

ನಾನು ಅಲ್ಲಿಯೇ ನಿಂತು ಅಲ್ಫಿಯಾಗೆ ಫೋನ್ ಮಾಡಿದೆ.

ಒಂದು ಹಾಸಿಗೆ ತೆರವಾಗಿ, ಈಗ ಸೌಂದರ್ಯಾ ಆ ಬಿಡುವಿನ ಮನೆಯಲ್ಲಿದ್ದಾಳೆ. ಸೋಮವಾರ ಕರೆತರುತ್ತೇನೆ. ಮೊದಲ ದಿನ ನಾನು ಬರೀ ನಿದ್ದೆ ಮಾಡಿದೆ. ಎರಡನೆಯ ದಿನ ನನ್ನ ಗಂಡನಿಗಾಗಿ ಅತ್ತೆ. ಅಲ್ಲಿಯವರೆಗೆ ಅಳಲು ನನಗೆ ಹೊತ್ತೇ ಸಿಕ್ಕಿರಲಿಲ್ಲ. ತಮ್ಮ ಸತ್ತೊಡನೆ ಅವನ ಹೆಂಡತಿ ಮಗಳನ್ನು ಹೊರಗೆ ಹಾಕಿದಳೆಂದು ಭಾವನವರು ಧಾರವಾಡದಲ್ಲಿ ಹೇಳಿಕೊಂಡು ತಿರುಗುತ್ತಿದ್ದಾರಂತೆ.

ಅವರು ಕೆಟ್ಟವರೆಂದು ನಾನು ಬರೆಯಲಾರೆ. ಇಂಥವರು ಪ್ರತಿ ಮನೆತನದಲ್ಲೂ ಒಬ್ಬರಿರುತ್ತಾರೆ. ಮದುವೆಗೆ ಬರುತ್ತಾರೆ, ಮಣ್ಣಿಗೆ ಬರುತ್ತಾರೆ. ಜನ ಸೇರಿದಲ್ಲಿ ಅವರ ಕೈಗೆ ಎಲ್ಲಿಲ್ಲದ ಬಲ ಬರುತ್ತದೆ. ಯಾರೂ ನೋಡದ ಮುಂಜಾನೆ ಒದ್ದೆ ಹಾಸಿಗೆ ಬದಲಿಸಲು ಅವರು ಸಿಗುವುದಿಲ್ಲ. ಅಷ್ಟೇ ಆಗಿದ್ದರೆ ಸಹಿಸಬಹುದಿತ್ತು. ನಾವೆಲ್ಲರೂ ಸ್ವಲ್ಪ ಸ್ವಲ್ಪ ಹಾಗೆಯೇ. ಆದರೆ ಆ ಹಾಸಿಗೆ ಬದಲಿಸಲು ಬಂದ ಪರರನ್ನು ಇವರು ಮನೆತನದ ಮರ್ಯಾದೆಯೆಂದು ಬಾಗಿಲಿನಿಂದಲೇ ತಿರುಗಿಸಿ ಕಳಿಸುತ್ತಾರೆ, ಕಳಿಸಿ ತಮ್ಮ ಮನೆಗೆ ಹೋಗಿ ಸುಖವಾಗಿ ಉಣ್ಣುತ್ತಾರೆ.