ನೆರಳಿಗೆ ಬಂದ ಗೆಂಡೆ

ತನ್ನ ನೆರಳು ನೀರಿನ ಮೇಲೆ ಬಿದ್ದದ್ದು ಕಂಡು ರೇಣುಕಯ್ಯ ಒಂದು ಹೆಜ್ಜೆ ಹಿಂದೆ ಸರಿದ, ಬಿಸಿಲು ಬೆನ್ನಿಗಿದೆ, ಎಲ್ಲಿ ನಿಂತರೂ ಹಾಳಾದ ತಲೆಯ ನೆರಳು ಕೆರೆಯೊಳಕ್ಕೇ ಚಾಚುತ್ತದೆ, ಕೈಯಲ್ಲಿ ಅಲ್ಯೂಮಿನಿಯಂ ತಟ್ಟೆ, ಹತ್ತು ಮಾರು ಆಚೆ ಬೆಳ್ಳಕ್ಕಿಗಳು — ಎಷ್ಟಿವೆ, ಎಣಿಸಬಾರದು, ಮೂರು ದಿನದ ಹಿಂದೆ ಇಷ್ಟಿರಲಿಲ್ಲ. ಒಂದ್ಸಲ ತಟ್ಟೆ ಬಡ್ದು ನೋಡಣ್ಣ, ಎಷ್ಟು ಉಳ್ಕಂಡವೋ ಗೊತ್ತಾಗ್ಲಿ, ಎಂದಿದ್ದಾನೆ ಗಂಗಣ್ಣ, ಗೌಡಗೆರೆಯ ಈ ಕೆರೆಗೆ ಬಲೆ ಹಾಕುವವನು, ತೆಪ್ಪದ ಪಕ್ಕ ಬೀಡಿ ಹಚ್ಚಿ ಕೂತಿದ್ದಾನೆ. ಬಡಿಯಬೇಕು, ಅದಕ್ಕೇ ತಾನೇ ಮೀನಿನ ಫಾರಮ್ಮಿನಿಂದ ಮೊದಲ ಬಸ್ಸಿಗೆ ಬಂದದ್ದು, ಬಡಿದರೆ ತಾನು ಬಿಟ್ಟ ಮೀನುಮರಿಗಳಲ್ಲಿ ಉಳಿದವು ಬಂದೇ ಬರುತ್ತವೆ, ಬಂದರೆ ಬೆಳ್ಳಕ್ಕಿಯೂ ಬರುತ್ತದೆ, ಬಡಿಯದಿದ್ದರೆ ಒಂದಾದರೂ ಬದುಕಿದೆಯೋ ಇಲ್ಲವೋ — ಅಯ್ಯೋ ಶಿವನೇ, ಇದೆಂಥ ಇಕ್ಕಟ್ಟಿಗೆ ತಂದಿಟ್ಟೆ.

ಎಂಟು ವರ್ಷ ಹೀಗೇ ಬಡಿದಿದ್ದಾನೆ, ಎಪ್ಪತ್ತೈದನೇ ಇಸವಿಯಲ್ಲಿ ಕೆಲಸಕ್ಕೆ ಸೇರಿದಾಗಿನಿಂದ, ಫಾರಮ್ಮಿನ ಸಿಮೆಂಟ್ ತೊಟ್ಟಿಯ ಅಂಚಿಗೆ ಮೂರು ಸಲ ಟಣ್ ಟಣ್ ಟಣ್, ಆಮೇಲೆ ತೌಡು, ಕಡಲೆಕಾಯಿ ಹಿಂಡಿ ಕಲಸಿದ ಉಂಡೆ, ಮೊದಲ ವರ್ಷ ಗೆಂಡೆ ಮೀನುಗಳು ತಳ ಬಿಟ್ಟು ಏಳುತ್ತಲೇ ಇರಲಿಲ್ಲ, ಎರಡನೇ ವರ್ಷ ಅರ್ಧಕ್ಕರ್ಧ ಎದ್ದವು, ಬರಬರುತ್ತ ತಟ್ಟೆಯೂ ಬೇಡವಾಯಿತು, ಅವನ ನೆರಳು ಬಿದ್ದರೆ ಸಾಕು, ತೊಟ್ಟಿಯ ತುಂಬ ಗುಂಡು ಬಾಯಿಗಳು. ಹೆಂಡತಿ ಹೊನ್ನಕ್ಕ ಸೊಂಟದ ಮೇಲೆ ಕೈಯಿಟ್ಟು ನಗುತ್ತಿದ್ದಳು, ಹೆತ್ತೋರ್ಗೆ ಹೆಗ್ಗಣ ಮುದ್ದು, ನಮ್ಮನೆಯೋರ್ಗೆ ಗೆಂಡೆ ಮುದ್ದು. ಮುದ್ದೇ ಸರಿ, ಮರಿ ಮಾಡಿಸಲು ವರ್ಷಾ ವರ್ಷಾ ತಾಯಿಮೀನು ಆರಿಸುವವನೂ ಅವನೇ ಅಲ್ಲವೆ, ಬಂದು ಬೆರಳು ಚೀಪುವವನ್ನೆಲ್ಲ ನನ್ನ ಬಂಗಾರ ಎಂದು ಬೇರೆ ತೊಟ್ಟಿಗೆ ಬಿಟ್ಟ, ನೆರಳು ಕಂಡರೆ ತಳಕ್ಕೆ ಓಡುವವನ್ನು, ಬಲೆಯಲ್ಲಿ ಪಟಪಟ ಎಗರುವವನ್ನು — ಕಳ್ಳಮುಂಡೇವು, ತಗಳ್ಳೇ ಹೊನ್ನಿ, ಸಾರಿಗೆ ಹಾಕು. ಎಂಟು ವರ್ಷ, ಎಂಟು ತಲೆಮಾರು, ಹೆದರುವವೆಲ್ಲ ಸಾರಿಗೆ ಹೋದವು, ಹೆದರದವು ಹೆತ್ತವು. ಎಷ್ಟು ರುಚಿಯಾಗಿತ್ತು ಆ ಸಾರು, ಹುಣಸೆಹುಳಿ ಒಂದು ಚೂರು ಮುಂದಾಗಿ, ಬಿಸಿ ಮುದ್ದೆ ಮುರಿಯುತ್ತ, ಮುಳ್ಳು ಬಿಡಿಸುತ್ತ ಅವನು ಉಂಡದ್ದೇನು, ಕೆರೆಯಲ್ಲಿ ಬದುಕುವ ಬುದ್ಧಿಯನ್ನೇ ಉಂಡುಬಿಟ್ಟ, ಹೊನ್ನಕ್ಕನೂ ಉಂಡಳು, ಪಾಪ ಅವಳಿಗೇನು ಗೊತ್ತು.

ಮೂರು ದಿನದ ಹಿಂದೆ ಬೆರಳುದ್ದದ ಮರಿಗಳನ್ನು ಹಾಲಿನ ಕ್ಯಾನುಗಳಲ್ಲಿ ತುಂಬಿ ಜೀಪಿನಲ್ಲಿ ತಂದದ್ದು, ಉಸಿರು ಕಟ್ಟಬಾರದಲ್ಲ, ದಾರಿಯುದ್ದಕ್ಕೂ ನೀರಿನಲ್ಲಿ ಕೈಯಾಡಿಸಿದ, ಹೋಗ್ರಪ್ಪಾ, ದೊಡ್ಡೋರಾಗ್ರಿ ಎಂದು ಬಿಟ್ಟ, ಅವು ಹೋಗಲಿಲ್ಲ, ಅವನ ಕಾಲನ್ನೇ ಮುತ್ತಿಕೊಂಡವು, ಅವನಿಗೋ ಹೆಮ್ಮೆ, ಥೂ, ಹೆಮ್ಮೆಯಂತೆ! ಕೆರೇಲೇ ಹುಟ್ಟಿದ್ ಮರಿ ನೆಳ್ಳು ಕಂಡ್ರೆ ಕೆಸರು ಸೇರ್ಕತವೆ, ನಿನ್ನವು ಬೆಳ್ಳಕ್ಕಿ ಕಾಲತ್ರಾನೇ ಬಂದು ಬಾಯಿ ಬುಡ್ತವೆ ಕಣಣ್ಣ, ನಾನೆಷ್ಟು ಅಂತ ಓಡಿಸ್ಲಿ — ಇವತ್ತು ಬಸ್ಸಿಳಿದು ಬಂದ ಕೂಡಲೇ ಹೀಗೆಂದ ಗಂಗಣ್ಣನ ದನಿಯಲ್ಲಿ ಸಿಟ್ಟಿರಲಿಲ್ಲ, ಬೈದುಬಿಟ್ಟಿದ್ದರೆ ಚೆನ್ನಾಗಿತ್ತು.

ಇಲ್ಲ, ಬಡಿಯುವುದಿಲ್ಲ, ತಟ್ಟೆಯನ್ನು ಕಂಕುಳಿಗೆ ಸಿಕ್ಕಿಸಿದ, ಬತ್ತೀನಿ ಗಂಗಣ್ಣ ಎಂದು ತಿರುಗಬೇಕು, ಅಷ್ಟರಲ್ಲಿ ನೆರಳಿನ ತುದಿಯಲ್ಲಿ ನೀರು ಸಣ್ಣಗೆ ಅಲುಗಿತು, ಒಂದು, ಒಂದೇ ಒಂದು, ಬದುಕಿದೆ, ಬದುಕಿದೆಯಲ್ಲ ನನ್ನಪ್ಪಾ, ಆಚೆ ಬೆಳ್ಳಕ್ಕಿಯೊಂದು ಕತ್ತು ನೀಡಿತು, ಉದ್ದುದ್ದ ಹೆಜ್ಜೆ ಇಡುತ್ತ ನೆರಳಿನ ಹತ್ತಿರಕ್ಕೇ ಬಂತು, ಹೋಗು, ತಳಕ್ಕೆ ಹೋಗು, ಹೆದರ್ಕಳೋ, ಒಂದ್ಸಲ ಹೆದರ್ಕಳೋ ನನ್ ಕಂದ, ಬಗ್ಗಿ ಒಂದು ಮಣ್ಣಹೆಂಟೆ ಎತ್ತಿ ಬೀಸಿ ಎಸೆದ, ಅದು ಮರಿಯನ್ನು ದಾಟಿ ಬೆಳ್ಳಕ್ಕಿಯ ಹತ್ತಿರ ಬಿತ್ತು, ಹಕ್ಕಿ ಕದಲಲಿಲ್ಲ, ಬಿದ್ದಲ್ಲಿ ನೀರು ಕೆಂಪಗೆ ಕದಡಿತು, ಮರಿ ಓಡಲಿಲ್ಲ, ಹೆಂಟೆ ಕರಗುವಲ್ಲಿಗೇ ಈಜಿಕೊಂಡು ಹೋಯಿತು, ಹಿಂಡಿಯ ಉಂಡೆ ಎಂದುಕೊಂಡು, ಅವನೇ ಹಾಕಿದ್ದು ಎಂದುಕೊಂಡು, ಬಾಯಿ ತೆರೆಯಿತು, ಗುಂಡಗೆ, ಬೆಳ್ಳಕ್ಕಿಯ ಕಾಲ ಬಳಿ, ಬಾಯಿ, ಗುಂಡು ಬಾಯಿ —