ಎಂಟು ಸಿಲಿಂಡರಿನ ಸದ್ದು

“ಇದು ಸ್ಟಾರ್ಟೇ ಆಗಿಲ್ವಲ್ಲೋ,” ಎಂದಳು ಬ್ರೋನ್ಯಾ. ಅವಳ ಅಂಗೈ ಹೊಸ ಕಾರಿನ ಬಾನೆಟ್ಟಿನ ಮೇಲಿತ್ತು.

ಸ್ಟಾರ್ಟ್ ಆಗಿತ್ತು. ಕಾರಿನ ಬಿಡುಗಡೆ ಸಮಾರಂಭಕ್ಕೆ ಬಂದು ಎದುರಿಗೆ ಕೂತಿದ್ದ ಇನ್ನೂರು ಜನ ಕಿವಿ ಮುಚ್ಚಿಕೊಂಡು ನಗುತ್ತಿದ್ದರು.

ತಮ್ಮ ಥೇಡಸ್ ವೇದಿಕೆ ಹತ್ತಿ ಅವಳ ಮುಖದ ಮುಂದೆ ನಿಂತ. ಡೆಟ್ರಾಯಿಟಿನ ಕಾರು ಕಾರ್ಖಾನೆಯ ಪ್ರೆಸ್ ಶಾಪಿನಲ್ಲಿ ಮೂವತ್ತೊಂದು ವರ್ಷ ತಗಡು ಒತ್ತಿ ಅಕ್ಕನ ಕಿವಿ ಪೂರಾ ಹೋಗಿತ್ತು. ತುಟಿ ಕಂಡರಷ್ಟೇ ಅವಳಿಗೆ ಮಾತು. ಆ ದುಡಿಮೆಯಲ್ಲೇ ತಾಯಿಯಿಲ್ಲದ ತಮ್ಮನನ್ನು ಸಾಕಿದಳು, ಓದಿಸಿದಳು. ಅವನು ಓದಿದ್ದು ಸದ್ದಿನ ವಿಜ್ಞಾನ, ಡಾಕ್ಟರೇಟ್ ಬೇರೆ. ಇದರಲ್ಲಿರುವ ತಮಾಷೆಯನ್ನು ಅವನು ಪಾರ್ಟಿಗಳಲ್ಲಿ ತಾನೇ ಹೇಳಿ ಜನರನ್ನು ನಗಿಸುತ್ತಿದ್ದ.

“ಆಗಿದೆ ಅಕ್ಕ. ಬ್ಯಾಟರಿ ಗಾಡಿ ಇದು. ಸದ್ದು ಸ್ಪೀಕರಿಂದ ಬರುತ್ತೆ.”

“ಯಾರ ಸದ್ದು?”

“ರೂಡಾದ್ದೇ.”

ಅವಳು ಮತ್ತೆ ಬಾನೆಟ್ಟು ಮುಟ್ಟಿ ನೋಡಿದಳು. ಬಿಸಿಯಿಲ್ಲ, ನಡುಕವಿಲ್ಲ. ಗಿರಾಕಿಗಳಿಗೆ ಸದ್ದು ಬೇಕು, ನಡುಕ ಬೇಡ ಎಂದು ರಬ್ಬರು ಹಾಕಿಸಿದವನು ಥೇಡಸನೇ.

ರೂಡಾ ಎಂದರೆ ಅವಳ ಎಂಟು ಸಿಲಿಂಡರಿನ ಕೆಂಪು ಕಾರು. ಇಪ್ಪತ್ತರ ವಯಸ್ಸಿನಲ್ಲಿ, ಎಪ್ಪತ್ತನೇ ಇಸವಿಯಲ್ಲಿ, ಓವರ್‌ಟೈಮ್ ಮಾಡಿ ಕೊಂಡದ್ದು. ಇಬ್ಬರು ಗಂಡಸರು ಬಂದು ಹೋದರು, ಕಾರು ಉಳಿಯಿತು. ಕಿವಿ ಹೋದ ಮೇಲೂ ಭಾನುವಾರ ಚರ್ಚಿನಿಂದ ಬಂದವಳೇ ಅದನ್ನು ಸ್ಟಾರ್ಟ್ ಮಾಡಿ, ಬಾನೆಟ್ಟಿನ ಮೇಲೆ ಕೈಯಿಟ್ಟು ನಿಲ್ಲುತ್ತಿದ್ದಳು. ಹನ್ನೊಂದು ತಿಂಗಳ ಹಿಂದೆ ತಮ್ಮ ಬಂದು ಕೇಳಿದ್ದ: “ಒಂದು ವಾರ ಕೊಡಕ್ಕ, ರೆಕಾರ್ಡ್ ಮಾಡ್ಕೊಂಡು ತಂದ್ಬಿಡ್ತೀನಿ. ನಾಳೆ ಬರೋ ಗಾಡಿಗೆಲ್ಲ ಇದರದೇ ದನಿ.” ಕೀ ಕೊಡುತ್ತ ಅವಳು ಹೇಳಿದ್ದು ಇಷ್ಟೇ: “ಎಂಜಿನ್ ಸುತ್ತು ನಿಮಿಷಕ್ಕೆ ಐದು ಸಾವಿರ ದಾಟಿಸಬೇಡ ಕಣೋ. ವಯಸ್ಸಾಗಿದೆ ಅದಕ್ಕೆ.”

ಅವನು ಕೆಲಸ ಮಾಡುವ ಕಾರು ಕಂಪನಿಗೆ ಇನ್ನಷ್ಟು ಸಿಟ್ಟಿನ ಸದ್ದು ಬೇಕಿತ್ತು. ರೆಕಾರ್ಡಿಂಗ್ ಕೋಣೆಯ ಗಾಜಿನಾಚೆ ಹೆಡ್‌ಫೋನ್ ಹಾಕಿ ಕೂತಿದ್ದ ಥೇಡಸ್ ಬೆರಳೆತ್ತಿ ಇನ್ನೂ, ಇನ್ನೂ ಎಂದು ಸನ್ನೆ ಮಾಡುತ್ತ ಹೋದ. ಏಳು ಸಾವಿರಕ್ಕೆ ಎಂಜಿನ್ ಒಡೆದು ಆಯಿಲ್ ಚಿಮ್ಮಿ ಬೆಂಕಿ ಹತ್ತಿಕೊಂಡಿತು. ಯಾರಿಗೂ ಏನೂ ಆಗಲಿಲ್ಲ. ರೆಕಾರ್ಡಿಂಗ್ ಅಮೋಘವಾಗಿತ್ತು.

ಆಮೇಲೆ ಪೇಂಟ್ ಆಗ್ತಿದೆ ಎಂದ. ಪಾರ್ಟು ಸಿಗ್ತಿಲ್ಲ ಎಂದ. ಬರೋ ತಿಂಗಳು ಎಂದ. ಸುಟ್ಟ ಗಾಡಿ ಗುಜರಿ ಸೇರಿ ಅಷ್ಟರಲ್ಲಿ ಎಷ್ಟೋ ಕಾಲವಾಗಿತ್ತು.

ಸಮಾರಂಭ ನಡೆಸುತ್ತಿದ್ದ ಡೆನೀಸ್ ಮೈಕು ಹಿಡಿದು ಬಂದಳು. “ಹೇಳಿ ಬ್ರೋನ್ಯಾ ಮೇಡಂ, ನಿಮ್ಮ ರೂಡಾ ವಾಪಸ್ ಬಂದ್ಲಾ? ಅವಳೇನಾ?”

ಬ್ರೋನ್ಯಾ ತಮ್ಮನನ್ನು ನೋಡಿದಳು. ಹೌದೆನ್ನು ಎಂಬಂತೆ ಅವನು ತಲೆ ಆಡಿಸಿದ, ಒಂದಿಷ್ಟೇ.

“ಅವಳೇ,” ಎಂದಳು.

ಚಪ್ಪಾಳೆಯೋ ಚಪ್ಪಾಳೆ. ಅವಳು ಅಂಗೈಯನ್ನು ಲಂಗಕ್ಕೆ ಒರೆಸಿಕೊಂಡು ಮೆಟ್ಟಿಲಿಳಿದಳು.

ಹೊರಗೆ ಪಾರ್ಕಿಂಗಿನಲ್ಲಿ ಕೇಳಿದಳು. “ನನ್ನ ಗಾಡಿ ಎಲ್ಲೋ?”

“ಬರೋ ತಿಂಗಳು ಅಕ್ಕ.”

“ನಿನ್ನ ತುಟಿ ನೋಡಿ ನೋಡಿ ನನಗೆ ಎಷ್ಟು ವರ್ಷ ಆಯ್ತು ಗೊತ್ತಾ? ಸುಳ್ಳು ಹೇಳುವಾಗ ಮೇಲಿನ ತುಟಿ ಆಡಲ್ಲ ನಿಂದು.” ಕಿವಿಯಿಲ್ಲದ ಅವಳ ಮಾತು ಯಾವಾಗಲೂ ಜೋರು. ನಾಲ್ಕು ಜನ ತಿರುಗಿ ನೋಡಿದರು. “ಅಷ್ಟು ಜನರ ಮುಂದೆ ನನ್ನ ಕೈಲೂ ಸುಳ್ಳು ಹೇಳಿಸಿಬಿಟ್ಯಲ್ಲೋ, ಥೂ.”

ಕಂಪನಿ ಆ ದಿನದ ಮಟ್ಟಿಗೆ ಅವನಿಗೊಂದು ಹೊಸ ಕಾರು ಕೊಟ್ಟಿತ್ತು. ಹತ್ತಿ ಕೂತವಳೇ ಅವಳು ಕಿಟಕಿಯ ಗಾಜಿಗೆ ತಲೆಯಾನಿಸಿ ಕಣ್ಣು ಮುಚ್ಚಿಕೊಂಡಳು. ಅಲ್ಲಿಗೆ ಮಾತು ಮುಗಿಯಿತು. ಕಣ್ಣು ಮುಚ್ಚಿದ ಅಕ್ಕನಿಗೆ ಏನನ್ನೂ ಹೇಳಲಾಗುವುದಿಲ್ಲ.

ಹಳೆ ಕಾರುಗಳ ಶೋಕಿದಾರರು ಮೆರೆಯುವ ವುಡ್‌ವರ್ಡ್ ರಸ್ತೆಗೆ ಬಂದ ಮೇಲೆ ಅವನು ಹೇಳಿದ. “ಏಳು ಸಾವಿರಕ್ಕೆ ಏರಿಸಿದ್ದು ನಾನೇ ಅಕ್ಕ. ಸುಟ್ಟುಹೋಯ್ತು. ನಿಂಗೆ ಹೇಳೋ ಧೈರ್ಯ ಆಗ್ಲಿಲ್ಲ.” ಎಲ್ಲ ಹೇಳಿದ, ಬೆರಳೆತ್ತಿದ್ದನ್ನೂ ಬಿಡಲಿಲ್ಲ. ಕೇಳುವವರಿಲ್ಲದಾಗ ಎಷ್ಟು ಸಲೀಸಾಗಿ ಬರುತ್ತಿದೆ ಎಂದು ಅವನಿಗೇ ಅಸಹ್ಯವಾಯಿತು. ವೇಗ ಹೆಚ್ಚಿಸಿದಾಗಲೆಲ್ಲ ಸ್ಪೀಕರಿನಲ್ಲಿ ರೂಡಾ ಮೇಲೇರುತ್ತಿತ್ತು. ಅದು ಕೇಳುತ್ತಿದ್ದುದು ಅವನಿಗೆ ಮಾತ್ರ.

ಕೆಂಪು ದೀಪ. ಪಕ್ಕದಲ್ಲಿ ಹಸಿರು ಬಣ್ಣದ ಹಳೆಯ ಕಾರೊಂದು ಬಂದು ನಿಂತಿತು. ಟೋಪಿ ಹಾಕಿದ್ದ ಮುದುಕ ಇವರ ಗಾಡಿ ನೋಡಿ ನಕ್ಕ. ಆ ರಸ್ತೆಯ ರೂಢಿಯಂತೆ ಎರಡು ಸಲ ಆಕ್ಸಿಲರೇಟರ್ ಒತ್ತಿದ. ಗಾಜು ಝುಮ್ಮೆಂದಿತು.

ಬ್ರೋನ್ಯಾ ಕಣ್ಣು ತೆರೆದಳು. ತಮ್ಮನ ಕಡೆ ತಿರುಗಲಿಲ್ಲ. ಬೆಲ್ಟು ಬಿಚ್ಚಿದಳು.

“ಅಕ್ಕಾ, ಸಿಗ್ನಲ್ಲು! ಎಲ್ಲಿಗೆ?” ಎಂದು ಅವನು ಅವಳ ಬೆನ್ನಿಗೆ ಕೂಗಿದ.

ಅವಳು ಇಳಿದು ಹೋಗಿ ಆ ಕಾರಿನ ಬಾನೆಟ್ಟಿನ ಮೇಲೆ ಎರಡೂ ಕೈಯಿಟ್ಟಳು. ಸ್ವಲ್ಪ ಹೊತ್ತು ಹಾಗೇ ನಿಂತಳು. ಮುದುಕ ಬಾಗಿ ಆಚೆಯ ಬಾಗಿಲು ತೆರೆದ. ಅವಳು ಹತ್ತಿ ಕೂತಳು.

ದೀಪ ಹಸಿರಾಯಿತು. ಆ ಕಾರು ಹೊಗೆಯುಗುಳಿ ಹೊರಟುಹೋಯಿತು.

ಥೇಡಸ್ ಹಿಂಬಾಲಿಸಲು ಹೋದ. “ಬಾಗಿಲು ತೆರೆದಿದೆ,” ಎಂದಿತು ಡ್ಯಾಶ್‌ಬೋರ್ಡಿನಿಂದ ಒಂದು ಮೃದುವಾದ ಹೆಣ್ಣು ದನಿ. ಬಾಗಿಲು ತೆರೆದಿದ್ದರೆ ಈ ಗಾಡಿ ಚಲಿಸುವುದಿಲ್ಲ. ಅಕ್ಕ ಮುಚ್ಚದೆ ಹೋದ ಬಾಗಿಲಿಗೆ ಅವನು ಬೆಲ್ಟಿನೊಳಗಿಂದಲೇ ಕೈ ಚಾಚಿದ, ಎಟುಕಲಿಲ್ಲ. ಹಿಂದೆ ಹಾರ್ನುಗಳು ಶುರುವಾದವು.

ಅವನು ಆಕ್ಸಿಲರೇಟರ್ ಅದುಮಿದ. ರೂಡಾ ಏಳು ಸಾವಿರದಲ್ಲಿ ಗುಡುಗಿತು. ಗಾಡಿ ಕದಲಲಿಲ್ಲ.