ಕಲೆ ಹತ್ತದ ಬಟ್ಟೆ

ಆ ಮನೆಯವರ ಕಸುಬೇ ಬಟ್ಟೆ ಒಗೆಯುವುದು. ಮುಂದಿನ ಕೋಣೆಯಲ್ಲಿ ಇಸ್ತ್ರಿ ಮೇಜು, ಹಿಂದೆ ಒಗೆಯುವ ಕಲ್ಲು. ಅಜ್ಜಿಗೆ ಕಲೆ ಕಂಡರಾಗದು. ಹಾಗಾಗಿ ಮೊಮ್ಮಗಳು ಹುಟ್ಟಿ ತಿಂಗಳಾದರೂ ಬಟ್ಟೆಗೆ ಕಕ್ಕದ ಕಲೆ ಹತ್ತಲಿಲ್ಲವೆಂದು ಆಕೆಗೆ ಎಲ್ಲಿಲ್ಲದ ಹೆಮ್ಮೆ. ಒಗೆಯುವವರ ಮನೆಗೆಂದೇ ಹೇಳಿ ಮಾಡಿಸಿದ ಮಗು ಎಂದು ಬಂದ ಗಿರಾಕಿಗಳ ಮುಂದೆಲ್ಲ ಹೇಳಿದ್ದೇ ಹೇಳಿದ್ದು.

ಮಗುವಿನ ಕಣ್ಣು ಮಾತ್ರ ಇನ್ನೂ ಹಳದಿಯಾಗಿಯೇ ಇತ್ತು. ತಾಯಿ ಒಂದೆರಡು ಸಲ ಆಸ್ಪತ್ರೆಯ ಮಾತೆತ್ತಿದಳು. ಹಸುಗೂಸಿಗೆ ಇದೆಲ್ಲ ಇದ್ದದ್ದೇ, ನಿನ್ನ ಗಂಡನಿಗೂ ಬಂದಿತ್ತು, ಎಳೆ ಬಿಸಿಲು ಕಾಯಿಸು ಎಂದು ಅತ್ತೆ ಬಾಯಿ ಮುಚ್ಚಿಸಿದಳು. ಮಗು ಚೆನ್ನಾಗಿ ಹಾಲು ಕುಡಿಯುತ್ತಿತ್ತು. ಹಾಗಿರುವಾಗ ಯಾರಿಗೆ ತಾನೇ ಅನುಮಾನ ಬಂದೀತು?

ಒಂದು ಬೆಳಿಗ್ಗೆ ಪಕ್ಕದ ಬೀದಿಯ ನರ್ಸಮ್ಮ ಇಸ್ತ್ರಿಯಾದ ಬಟ್ಟೆ ಒಯ್ಯಲು ಬಂದಳು. ಅಜ್ಜಿ ಮೊಮ್ಮಗಳ ಗುಣಗಾನ ಶುರುವಿಟ್ಟುಕೊಂಡಳು. ನರ್ಸಮ್ಮ ನಗಲಿಲ್ಲ. ಮಗುವಿನ ಕಣ್ಣು ನೋಡಿದಳು, ಒಗೆಯದ ಬಟ್ಟೆಯಿದ್ದರೆ ತೋರಿಸಿ ಎಂದಳು. ಕಕ್ಕ ಸುಣ್ಣ ಕಲಸಿದಂತೆ ಬೆಳ್ಳಗಿತ್ತು, ಉಚ್ಚೆಯ ಗುರುತು ಕಡು ಹಳದಿಯಾಗಿತ್ತು.

"ಅಜ್ಜಿ, ಕಕ್ಕಕ್ಕೆ ಬಣ್ಣ ಕೊಡೋದು ಲಿವರಲ್ಲಿ ಹುಟ್ಟೋ ಪಿತ್ತ. ಅದು ಕರುಳಿಗೆ ಇಳಿಯೋ ನಾಳ ಮುಚ್ಚಿರಬಹುದು. ಹಾಗಿದ್ರೆ ಪಿತ್ತ ಒಳಗೇ ನಿಂತು ಲಿವರನ್ನೇ ಹಾಳು ಮಾಡುತ್ತೆ."

"ಬಿಸಿಲು ಕಾಯಿಸಿದ್ರೆ ಹಳದಿ ಹೋಗಲ್ವೇನಮ್ಮ?" ಅಜ್ಜಿಯ ದನಿ ಇಳಿದಿತ್ತು.

"ಈ ಹಳದಿ ಹೋಗಲ್ಲ. ರಕ್ತ ಪರೀಕ್ಷೆ, ಸ್ಕ್ಯಾನಿಂಗ್ ಆಗಬೇಕು. ನಾಳ ಮುಚ್ಚಿದ್ರೆ ಆಪರೇಷನ್. ಮಗುವಿಗೆ ಎರಡು ತಿಂಗಳು ತುಂಬೋದ್ರೊಳಗೆ ಆದ್ರೆ ಒಳ್ಳೇದು. ತಡ ಆದಷ್ಟೂ ಲಿವರ್ ಉಳಿಯೋದು ಕಷ್ಟ."

ಇಷ್ಟು ಎಳೆಯ ಮೈಗೆ ಕತ್ತರಿ ಹಾಕಿಸುವುದೇ ಎಂದು ಅಜ್ಜಿ ಮೊಮ್ಮಗಳ ಹೊಟ್ಟೆ ಸವರಿದಳು. ತಾಯಿ ಮಗುವನ್ನು ಎದೆಗೊತ್ತಿಕೊಂಡು ಚಪ್ಪಲಿ ಮೆಟ್ಟಿದಳು. ಅದನ್ನು ನೋಡಿ ಅಜ್ಜಿ ಇಸ್ತ್ರಿ ಮೇಜಿನ ಮುಂದಿದ್ದ ಮಗನತ್ತ ತಿರುಗಿದಳು.

"ಇಸ್ತ್ರಿ ಆರಿಸೋ. ಗಿರಾಕಿ ಕಾಯ್ಲಿ. ನಾನೂ ಬರ್ತೀನಿ."

ನರ್ಸಮ್ಮನ ಅನುಮಾನ ನಿಜವಾಯಿತು. ಆಪರೇಷನ್ ಆಯಿತು, ಕಣ್ಣಿನ ಹಳದಿ ಮೆಲ್ಲಗೆ ಇಳಿಯಿತು. ಎಲ್ಲ ಮಕ್ಕಳಿಗೂ ಹೀಗೆ ಗುಣವಾಗುವುದಿಲ್ಲ, ಕೆಲವರಿಗೆ ಮುಂದೆ ಬೇರೆ ಲಿವರನ್ನೇ ಜೋಡಿಸಬೇಕಾಗುತ್ತದೆ. ಈ ಮಗುವೂ ತಪ್ಪದೆ ತಪಾಸಣೆಗೆ ಹೋಗುತ್ತಲೇ ಇರಬೇಕು. ಆದರೂ ಇಂದು ಅದು ಅಜ್ಜಿಯ ಸೆರಗು ಹಿಡಿದೆಳೆಯುತ್ತಿದೆ.

ಅಮ್ಮಂದಿರೇ, ಅಜ್ಜಿಯರೇ, ಎರಡು ವಾರ ದಾಟಿದ ಕೂಸಿಗೆ ಇನ್ನೂ ಹಳದಿ ಇದ್ದರೆ ವೈದ್ಯರಿಗೆ ತೋರಿಸಿ. ಬಟ್ಟೆ ಒಗೆಯುವ ಮುನ್ನ ಕಕ್ಕದ ಬಣ್ಣ ನೋಡಿ. ಬೆಳ್ಳಗೋ ಬೂದಿಯಂತೆಯೋ ಕಂಡರೆ ಅಂದೇ ಹೊರಡಿ. ಹಾಲು ಕುಡಿಯುತ್ತಿದೆಯಲ್ಲ ಎಂದು ಸುಮ್ಮನಿರಬೇಡಿ. ನೋವು ಹೇಳಿಕೊಳ್ಳಲು ಕೂಸಿಗೆ ಬಾಯಿ ಬಂದಿಲ್ಲ. ಅದರ ಪರವಾಗಿ ವೈದ್ಯರನ್ನು ನೀವೇ ಕೇಳಬೇಕು.